ನಾಲ್ಕು ಮೊಳದ ನೋಟ

ಕಾರ್ತಿಕ ಕಳೆದು ಮಾಗಿಯ ಮಂಜು ಇಳಿಯತೊಡಗಿದರೆ ಮೈಸೂರು ಜಿಲ್ಲೆಯ ಪಡುವಣ ಸೀಮೆ ನಡಿಗೆಗೆ ಹೇಳಿ ಮಾಡಿಸಿದಂತಿರುತ್ತದೆ. ಹುಣಸೂರಿನ ಮಗ್ಗುಲಲ್ಲಿ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರದ ಬದಿಯಲ್ಲಿ ಕಾವೇರಿ, ಹೆಗ್ಗಡದೇವನಕೋಟೆಯ ಕಡೆ ಕಪಿಲೆ. ಕಡಿದಾದ ಏರಿಲ್ಲ, ಮೈ ದಣಿಸುವ ದೂರವಿಲ್ಲ. ನಾಲೆಯ ಏರಿ, ಗದ್ದೆಯ ಬದು, ಹೊಂಗೆ ನೇರಳೆಗಳ ನೆರಳಿನ ಬಂಡಿಜಾಡು, ಅದರಾಚೆ ಕಾಡಿನ ಅಂಚು. ವಯಸ್ಸಾದವರೂ ಮಕ್ಕಳೂ ಜೊತೆಯಾಗಿ ನಡೆಯಬಹುದಾದ ಹಾದಿಗಳಿವು. ವಾರದ ರಜೆಯಲ್ಲಿ ಪಟ್ಟಣದ ಜನ ಇಲ್ಲಿಗೆ ಬರುವುದು ಸಹಜ. ಅದನ್ನು ವಿಹಾರವೆಂದು ಕರೆಯುವುದೂ ವಾಡಿಕೆ.

ಆದರೆ 'ವಿಹಾರ' ಎಂಬ ಈ ಮಾತಿಗೆ ಕನ್ನಡದಲ್ಲಿ ಎರಡು ಬದುಕುಗಳಿವೆ. ಊರಿನ ಮಾತಿನಲ್ಲಿ ವಿಹಾರವೆಂದರೆ ಗಾಳಿಗಾಗಿ, ನಲಿವಿಗಾಗಿ ಮಾಡುವ ಸುತ್ತಾಟ. ಜಿನಾಗಮದ ಮಾತಿನಲ್ಲಿ ವಿಹಾರವೆಂದರೆ ಮುನಿಯ ಕಾಲ್ನಡಿಗೆ. ವಾಹನವೇರದ, ಪಾದರಕ್ಷೆ ತೊಡದ, ಪಿಂಛಿ ಮತ್ತು ಕಮಂಡಲುಗಳಲ್ಲದೆ ಬೇರೆ ಹೊರೆಯಿಲ್ಲದ ಪಯಣ ಅದು. ಮೊದಲನೆಯದು ಮನಸ್ಸನ್ನು ಹೊರಗೆ ಹರಡುತ್ತದೆ, ಎರಡನೆಯದು ಒಳಗೆ ಕಟ್ಟುತ್ತದೆ. ಒಂದೇ ಹಾದಿಯಲ್ಲಿ ಇವೆರಡೂ ಸಾಗಬಲ್ಲವು.

ಶ್ರಾವಕನಿಗೆ ಇಲ್ಲೊಂದು ನಿಜವಾದ ತೊಡಕು ಎದುರಾಗುತ್ತದೆ. ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಗೃಹಸ್ಥನ ಗುಣವ್ರತಗಳನ್ನು ವಿವರಿಸುತ್ತ ಅನರ್ಥದಂಡವನ್ನು ಬಿಡಬೇಕೆನ್ನುತ್ತಾರೆ. ಅನರ್ಥದಂಡವೆಂದರೆ ಯಾವ ಪ್ರಯೋಜನವೂ ಇಲ್ಲದೆ ಜೀವಿಗಳಿಗೆ ಒದಗುವ ಪೀಡೆ. ಅದರ ಐದು ಬಗೆಗಳಲ್ಲಿ ಒಂದು ಪ್ರಮಾದಚರ್ಯೆ. ಕಾರಣವಿಲ್ಲದೆ ನೆಲ ಕೆದಕುವುದು, ನೀರು ಕಲಕುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿ ಕೀಳುವುದು ಇವೆಲ್ಲ ಅದರ ಪಟ್ಟಿಯಲ್ಲಿವೆ. ಅದೇ ಪಟ್ಟಿಯ ಕೊನೆಯಲ್ಲಿ ಗುರಿಯಿಲ್ಲದೆ ತಾನು ಅಲೆಯುವುದು, ಇತರರನ್ನು ಅಲೆಸುವುದು ಕೂಡ ಇದೆ. ಹಾಗಾದರೆ ಹೊಳೆದಂಡೆಯ ಈ ಸುಖದ ನಡಿಗೆ ವ್ರತಭಂಗವೇ? ಮಕ್ಕಳ ಕೈಹಿಡಿದು ಮರದ ನೆರಳಿನಲ್ಲಿ ಸಾಗುವ ತಾಯಿ ದೋಷಿಯೇ?

ಈ ಪ್ರಶ್ನೆಯನ್ನು ತೇಲಿಸಿಬಿಡುವುದು ಸುಲಭ. ಆದರೆ ಜಿನಧರ್ಮ ನಡಿಗೆಯನ್ನು ಸಣ್ಣ ವಿಷಯವೆಂದು ಎಂದೂ ತಿಳಿದಿಲ್ಲ. ಮುನಿಯ ಐದು ಸಮಿತಿಗಳಲ್ಲಿ ಮೊದಲನೆಯದೇ ಈರ್ಯಾ ಸಮಿತಿ, ಅಂದರೆ ಎಚ್ಚರದ ನಡೆ. ಭಾಷೆ, ಆಹಾರ, ವಸ್ತುಗಳನ್ನು ಎತ್ತಿಡುವುದು, ಮಲಮೂತ್ರ ವಿಸರ್ಜನೆ ಇವುಗಳ ಎಚ್ಚರ ಆಮೇಲೆ ಬರುತ್ತದೆ. ಮುಂದಿನ ನಾಲ್ಕು ಮೊಳದಷ್ಟು, ಅಂದರೆ ಸುಮಾರು 6 ಅಡಿಯಷ್ಟು ನೆಲವನ್ನು ಕಣ್ಣಿಂದ ಶೋಧಿಸುತ್ತ ಹೆಜ್ಜೆಯಿಡಬೇಕು. 'ಮೂಲಾಚಾರ'ವು ಈ ನಡೆಗೆ ನಾಲ್ಕು ಶುದ್ಧಿಗಳನ್ನು ಹೇಳುತ್ತದೆ: ಮಾರ್ಗಶುದ್ಧಿ, ಉದ್ಯೋತಶುದ್ಧಿ, ಉಪಯೋಗಶುದ್ಧಿ, ಆಲಂಬನಶುದ್ಧಿ. ಹಾದಿ, ಬೆಳಕು, ಗಮನ, ಉದ್ದೇಶ. ಮುನಿಗೆ ಇವು ಮಹಾವ್ರತದ ಅಂಗ. ಗೃಹಸ್ಥನಿಗೆ ಅಷ್ಟು ಬಿಗಿಯಿಲ್ಲ. ಆದರೂ ಒಂದು ನಡಿಗೆಯ ತೂಕ ನೋಡಲು ಇವುಗಳಿಗಿಂತ ಒಳ್ಳೆಯ ತಕ್ಕಡಿ ಇನ್ನೊಂದಿಲ್ಲ. ಈ ನಾಲ್ಕು ಸೀಮೆಯ ಹಾದಿಗಳೇ ಆ ತಕ್ಕಡಿಯನ್ನು ಹಿಡಿಯಲು ಕಲಿಸುತ್ತವೆ.

ಹಾದಿಯ ಶುದ್ಧಿ

ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯಲ್ಲಿ, ಬೆಟ್ಟದೂರಿನ ಬಳಿ ಹೊಲಗಳ ನಡುವೆ ಒಂದು ಒಂಟಿ ಬಂಡೆ ಎದ್ದುನಿಂತಿದೆ. ಶ್ರವಣಗುಡ್ಡವೆಂದೂ ಕರೆಯುವ ಇದೇ ಗೊಮ್ಮಟಗಿರಿ. ಮೆಟ್ಟಿಲೇರಿದರೆ ಮೇಲೆ ಸುಮಾರು 18 ಅಡಿ ಎತ್ತರದ ಬಾಹುಬಲಿ ಸ್ವಾಮಿಯ ಮೂರ್ತಿ. ಬುಡದಲ್ಲಿ 24 ತೀರ್ಥಂಕರರ ಚರಣಚಿಹ್ನೆಗಳ ಕೂಟಗಳು. ಬೆಟ್ಟ ಹತ್ತಲಾಗದ ಹಿರಿಯರು ಈ ಕೂಟಗಳ ಸುತ್ತ ನಿಧಾನವಾಗಿ ನಡೆದು ವಂದಿಸಿ ತೃಪ್ತರಾಗುತ್ತಾರೆ. ಇಲ್ಲಿ ಪೂಜೆಗೊಳ್ಳುವುದು ಮುಖವಲ್ಲ, ಆಯುಧವಲ್ಲ, ಪಾದ. ನಡೆದು ಹೋದವರ ಗುರುತಿಗೆ ಕೈಮುಗಿಯುವ ಧರ್ಮ ನಡೆಯುವ ಬಗೆಯನ್ನೂ ಹೇಳಿಕೊಡದೆ ಇರುವುದಿಲ್ಲ.

ಮಾರ್ಗಶುದ್ಧಿಯೆಂದರೆ ಎಲ್ಲೆಂದರಲ್ಲಿ ಕಾಲಿಡದಿರುವುದು. ಬಂಡಿ ಹರಿದ, ದನಕರು ತುಳಿದ, ಜನ ಓಡಾಡಿದ, ಬಿಸಿಲು ಬಿದ್ದ ಹಾದಿಯೇ ಮುನಿಗೆ ಯೋಗ್ಯವೆಂದು ಮೂಲಾಚಾರ ಹೇಳುತ್ತದೆ. ಅಲ್ಲಿ ಹಸುರು ಚಿಗುರಿಲ್ಲ, ಇರುವೆಯ ಗೂಡಿಲ್ಲ, ಹೊಸ ಹಿಂಸೆಗೆ ಎಡೆ ಕಡಿಮೆ. ಸಾವಿರ ವರ್ಷಗಳ ಹಿಂದಿನ ಈ ನಿಯಮವನ್ನು ಹುಣಸೂರಿನ ಬಯಲಿನಲ್ಲಿ ನಿಂತು ನೋಡಿದರೆ ಅದರ ಅರ್ಥ ಕಣ್ಣಿಗೆ ಕಟ್ಟುತ್ತದೆ. ಬೆಳಗಿನ ಇಬ್ಬನಿ ಆರದ ಗರಿಕೆಯ ಬದುವಿನ ಮೇಲೆ ಹುಳು, ಮಿಡತೆ, ಬಸವನಹುಳು ತುಂಬಿರುತ್ತವೆ. ಅದರ ಪಕ್ಕದಲ್ಲೇ ಸವೆದ ಬಂಡಿಜಾಡು ಬೋಳಾಗಿ ಬಿದ್ದಿರುತ್ತದೆ. ಚಿತ್ರ ತೆಗೆಯುವ ಆಸೆಗೆ ಹಸುರಿನೊಳಗೆ ಇಳಿಯುವುದೂ ಜಾಡಿನಲ್ಲೇ ಉಳಿಯುವುದೂ ಎರಡು ಹೆಜ್ಜೆಗಳಷ್ಟೇ ಅಂತರದ ಆಯ್ಕೆ. ಅನರ್ಥದಂಡವೆಂಬ ದೊಡ್ಡ ಮಾತು ಬದುಕಿನಲ್ಲಿ ಹೀಗೆ ಎರಡು ಹೆಜ್ಜೆಗಳ ಲೆಕ್ಕದಲ್ಲೇ ಎದುರಾಗುತ್ತದೆ.

ಕೊಡಗಿನ ಇರ್ಪಿನ ಕಡೆಯಿಂದ ಇಳಿದು ಬರುವ ಲಕ್ಷ್ಮಣತೀರ್ಥ ಹನಗೋಡಿನ ಕಟ್ಟೆಯನ್ನು ದಾಟಿ, ಹುಣಸೂರು ಪಟ್ಟಣವನ್ನು ಬಳಸಿ, ಕಟ್ಟೆಮಳಲವಾಡಿಯ ಬದಿಯಲ್ಲಿ ಹರಿದು, ಕೊನೆಗೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಇದರ ದಂಡೆಯ ನೆಲವೆಲ್ಲ ಜೀವಮಯ. ಹೆಜ್ಜೆಗೊಂದು ಎರೆಹುಳು, ಹುಲ್ಲಿಗೊಂದು ಮರಿಕಪ್ಪೆ. ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ವಿಹಾರವನ್ನೇ ನಿಲ್ಲಿಸಿ ಒಂದೇ ಎಡೆಯಲ್ಲಿ ನೆಲೆಸುವುದು ಇದೇ ಕಾರಣಕ್ಕೆ. ಚಾತುರ್ಮಾಸವೆಂದರೆ ಪ್ರವಚನ ಪೂಜೆಗಳ ಸಂಭ್ರಮ ಮಾತ್ರವಲ್ಲ. ಮಣ್ಣು ತನ್ನ ಮಕ್ಕಳನ್ನು ಹೆರುವ ಕಾಲದಲ್ಲಿ ಮನುಷ್ಯ ತನ್ನ ಕಾಲನ್ನು ಹಿಂದೆಗೆದುಕೊಳ್ಳುವ ಮರ್ಯಾದೆ ಅದು. ಮಳೆ ನಿಂತ ಮೇಲೆ, ನೆಲ ಒಣಗಿ ಜಾಡು ಮೂಡಿದ ಮೇಲೆ ನಡಿಗೆಗೆ ಹೊರಡುವ ಗೃಹಸ್ಥ ತಿಳಿದೋ ತಿಳಿಯದೆಯೋ ಅದೇ ಮರ್ಯಾದೆಯನ್ನು ಪಾಲಿಸಿರುತ್ತಾನೆ.

ಬೆಳಕಿನ ಶುದ್ಧಿ

ಎರಡನೆಯದು ಉದ್ಯೋತಶುದ್ಧಿ. ಮುನಿ ಸೂರ್ಯನ ಬೆಳಕಿನಲ್ಲಿ ಮಾತ್ರ ನಡೆಯುತ್ತಾನೆ. ದೀಪವಾಗಲಿ ಬೆಳದಿಂಗಳಾಗಲಿ ಸಾಲದು, ಏಕೆಂದರೆ ಅವು ದಾರಿಯನ್ನು ತೋರಿಸಬಲ್ಲವೇ ಹೊರತು ದಾರಿಯಲ್ಲಿರುವ ಸಣ್ಣ ಜೀವವನ್ನು ತೋರಿಸಲಾರವು. ಈ ನಿಯಮದ ಬೆಲೆ ತಿಳಿಯಬೇಕಾದರೆ ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋಗಬೇಕು.

ಕೇರಳದ ವಯನಾಡಿನಿಂದ ಬರುವ ಕಪಿಲೆಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟೆ 1974ರಲ್ಲಿ ಪೂರ್ಣಗೊಂಡಿತು. ಅದರ ವಿಶಾಲ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳ ನಡುವೆ ಚಾಚಿಕೊಂಡಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಹುಲ್ಲು ಚಿಗುರಿ, ಆನೆಗಳು ಹಿಂಡುಹಿಂಡಾಗಿ ದಂಡೆಗೆ ಇಳಿಯುತ್ತವೆ. ಭೀಮನಕೊಲ್ಲಿಯ ಮಹದೇಶ್ವರನ ಗುಡಿಗೆ ಬರುವ ಭಕ್ತರು ಈ ನೀರಿನ ವಿಸ್ತಾರವನ್ನು ಕಂಡು ಮೂಕರಾಗಿ ನಿಲ್ಲುತ್ತಾರೆ. ಹಗಲಿನಲ್ಲಿ ಇಲ್ಲಿನ ಹಳ್ಳಿಯ ಹಾದಿ ಮನುಷ್ಯರದು. ಇಳಿಹೊತ್ತು ಜಾರಿದ ಮೇಲೆ ಅದೇ ಹಾದಿ ಬೇರೆಯವರದು. ನಾಗರಹೊಳೆಯ ನಡುವೆ ಹಾಯುವ ಮೈಸೂರು–ಮಾನಂದವಾಡಿ ರಸ್ತೆಯನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚುತ್ತಾರೆ. ಆನೆ, ಜಿಂಕೆ, ಚಿರತೆಗಳು ಚಕ್ರಕ್ಕೆ ಸಿಕ್ಕಿ ಸಾಯದಿರಲಿ ಎಂದು ಮಾಡಿದ ಕಟ್ಟಳೆ ಇದು. ಆಗಮ ಒಬ್ಬ ಮುನಿಯ ಕಾಲಿಗೆ ವಿಧಿಸಿದ ನಿಯಮವನ್ನು ಇಂದಿನ ಕಾನೂನು ಒಂದು ಹೆದ್ದಾರಿಗೆ ವಿಧಿಸಿದೆ. ಕಾಣದ ಹೊತ್ತಿನಲ್ಲಿ ಚಲಿಸಬೇಡ ಎಂಬುದೇ ಎರಡರ ತಿರುಳು.

ರಕ್ಷಿತ ಅರಣ್ಯದ ಒಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಅದು ಅಪಾಯವೂ ಹೌದು. ಆದರೆ ಶ್ರಾವಕನಿಗೆ ಅದಕ್ಕಿಂತ ಮೊದಲ ಕಾರಣವೊಂದಿದೆ. ಮನುಷ್ಯನ ವಾಸನೆಗೆ ಬೆದರಿ ಓಡುವ ಜಿಂಕೆಯ ಭಯವೂ ಹಿಂಸೆಯೇ. ಜಿನಧರ್ಮದಲ್ಲಿ ದಾನಗಳಲ್ಲೆಲ್ಲ ಹಿರಿದಾದದ್ದು ಅಭಯದಾನ. ಕಾಡಂಚಿನಲ್ಲಿ ನಿಂತು, ಒಳಗೆ ಹೋಗದೆ ಹಿಂದಿರುಗುವುದು ಅತ್ಯಂತ ಸುಲಭದಲ್ಲಿ ಕೊಡಬಹುದಾದ ಅಭಯದಾನ. ಬಿಸಿಲು ಇರುವಾಗಲೇ ನಡೆದು, ಹೊತ್ತು ಮುಳುಗುವ ಮೊದಲೇ ಉಂಡು, ಮನೆ ಸೇರುವ ಹಳೆಯ ಜೈನ ದಿನಚರಿ ಈ ಸೀಮೆಯ ಪ್ರಾಣಿಗಳ ದಿನಚರಿಗೂ ಚೆನ್ನಾಗಿ ಹೊಂದುತ್ತದೆ.

ಗಮನದ ಶುದ್ಧಿ

ಹಾದಿ ಸರಿಯಿದ್ದು, ಬೆಳಕಿದ್ದು, ಮನಸ್ಸು ಬೇರೆಲ್ಲೋ ಇದ್ದರೆ ಫಲವಿಲ್ಲ. ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ' ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಮೈಮರೆವಿನಲ್ಲಿ ಗುರುತಿಸುತ್ತದೆ. ಕುಂದಕುಂದಾಚಾರ್ಯರ ವಿಚಾರವೂ ಇದೇ. ಎಚ್ಚರದಿಂದ ನಡೆಯುವ ಸಾಧುವಿನ ಕಾಲಡಿಯಲ್ಲಿ ಅಕಸ್ಮಾತ್ ಒಂದು ಜೀವ ಸತ್ತರೂ ಅವನಿಗೆ ಹಿಂಸೆಯ ಬಂಧ ಅಂಟದು. ಎಚ್ಚರಗೇಡಿಯ ಕಾಲಡಿಯಲ್ಲಿ ಯಾವ ಜೀವವೂ ಸಾಯದಿದ್ದರೂ ಅವನು ಹಿಂಸಕನೇ. ತೂಕಕ್ಕೆ ಬರುವುದು ಸತ್ತ ಇರುವೆಗಳ ಲೆಕ್ಕವಲ್ಲ, ಇರುವೆ ಅಲ್ಲಿರಬಹುದೆಂಬ ನೆನಪು. ಆದ್ದರಿಂದಲೇ ಮುನಿ ನಡೆಯುವಾಗ ಹರಟುವುದಿಲ್ಲ, ಶಾಸ್ತ್ರಚಿಂತನೆಯನ್ನೂ ಆ ಹೊತ್ತಿಗೆ ಬದಿಗಿಡುತ್ತಾನೆ. ನಡೆಯುವಾಗ ನಡಿಗೆಯೇ ಧ್ಯಾನ.

ಹುಣಸೂರು–ಪಿರಿಯಾಪಟ್ಟಣ ಸೀಮೆಗೆ ಈ ಪಾಠವನ್ನು ಹಾಡಿ ಹೇಳಿದ ಕವಿಯೊಬ್ಬನಿದ್ದಾನೆ. ಚಂಗಾಳ್ವರ ಕಾಲದಲ್ಲಿ ಇಲ್ಲಿನ ಕಲ್ಲಹಳ್ಳಿಯ ಪ್ರಭುಮನೆತನದಲ್ಲಿ ಹುಟ್ಟಿ, 16ನೆಯ ಶತಮಾನದ ಆರಂಭದಲ್ಲಿ ಬಾಳಿದ ಮೂರನೆಯ ಮಂಗರಸ. 'ಸಮ್ಯಕ್ತ್ವಕೌಮುದಿ', 'ಜಯನೃಪಕಾವ್ಯ', 'ಶ್ರೀಪಾಲಚರಿತೆ'ಗಳನ್ನು ಬರೆದ ಇವನು 'ನೇಮಿಜಿನೇಶ ಸಂಗತಿ'ಯಲ್ಲಿ 22ನೆಯ ತೀರ್ಥಂಕರನ ಕಥೆಯನ್ನು ಸಾಂಗತ್ಯದಲ್ಲಿ ಹೇಳಿದ್ದಾನೆ. ಆ ಕಥೆಯ ತಿರುವು ನಡೆದದ್ದು ಒಂದು ಹಾದಿಯಲ್ಲಿ. ನೇಮಿಕುಮಾರ ಮದುವೆಯ ದಿಬ್ಬಣದಲ್ಲಿ ಹೊರಟಿದ್ದ. ಹಾದಿಯ ಬದಿಯಲ್ಲಿ ಕೂಡಿಹಾಕಿದ ಮೃಗಗಳ ಆಕ್ರಂದನ ಕೇಳಿತು. ಮದುವೆಯ ಔತಣಕ್ಕಾಗಿ ಅವುಗಳನ್ನು ಕೂಡಿಟ್ಟಿದ್ದರು. ವಾದ್ಯಗಳ ಅಬ್ಬರದಲ್ಲಿ ದಿಬ್ಬಣದ ಎಲ್ಲರ ಕಿವಿಗೂ ಆ ದನಿ ಬಿದ್ದಿರಬೇಕು, ಆದರೆ ಕೇಳಿಸಿಕೊಂಡವನು ಒಬ್ಬನೇ. ಅವನು ಅಲ್ಲಿಂದಲೇ ತಿರುಗಿ ಗಿರಿನಾರದ ಹಾದಿ ಹಿಡಿದ. ದಾರಿಯಲ್ಲಿ ಕೇಳಿಸಿಕೊಳ್ಳುವುದೆಂದರೇನು ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವಿಲ್ಲ. ಇಂದು ಹೊಳೆದಂಡೆಗೆ ಬಂದು ಗಟ್ಟಿಯಾಗಿ ಹಾಡು ಹಾಕಿ ಕುಣಿಯುವವರ ಕಿವಿಗೂ ಮಿಂಚುಳ್ಳಿಯ ದನಿ ಬೀಳುತ್ತದೆ. ಕೇಳಿಸುವುದಿಲ್ಲ, ಅಷ್ಟೆ.

ಈ ಗಮನ ಕಿವಿಗೆ ಮಾತ್ರ ಸಂಬಂಧಿಸಿದ್ದಲ್ಲ, ಕೈಗೂ ನಾಲಗೆಗೂ ಬೇಕು. ಕಾಡಿನಲ್ಲಿ ಹಸಿದ ಆರು ದಾರಿಗರು ಹಣ್ಣು ತುಂಬಿದ ನೇರಳೆ ಮರವನ್ನು ಕಂಡ ಕಥೆಯನ್ನು ಜೈನ ಮನೆಗಳಲ್ಲಿ ಕೇಳದ ಮಕ್ಕಳಿಲ್ಲ. ಒಬ್ಬ ಮರವನ್ನು ಬುಡಸಹಿತ ಉರುಳಿಸೋಣವೆಂದ. ಇನ್ನೊಬ್ಬ ಕಾಂಡ ಕಡಿಯೋಣವೆಂದ, ಮತ್ತೊಬ್ಬ ಕೊಂಬೆ ಸಾಕೆಂದ. ನಾಲ್ಕನೆಯವ ಗೊಂಚಲು, ಐದನೆಯವ ಹಣ್ಣು ಮಾತ್ರ ಎಂದ. ಆರನೆಯವ, ಕೆಳಗೆ ಬಿದ್ದ ಹಣ್ಣೇ ನಮಗೆ ಸಾಲುವಷ್ಟಿದೆಯಲ್ಲ ಎಂದ. ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳ ಈ ಚಿತ್ರ ಶ್ರವಣಬೆಳಗೊಳದ ಮಠದ ಗೋಡೆಯ ಮೇಲೂ ಇದೆ. ಆರು ಜನರೂ ಒಂದೇ ಹಾದಿಯಲ್ಲಿ ನಡೆದವರು, ಒಂದೇ ಹಸಿವಿನವರು, ಒಂದೇ ಮರವನ್ನು ಕಂಡವರು ಎಂಬುದನ್ನು ಮರೆಯಬಾರದು. ಭೇದವಿದ್ದದ್ದು ಮನಸ್ಸಿನ ಬಣ್ಣದಲ್ಲಿ.

ಈ ಸೀಮೆಯ ಹೊಳೆದಂಡೆಯಲ್ಲಿ ನೇರಳೆಯ ಜೊತೆಗೆ ಅತ್ತಿ, ಆಲ, ಅರಳಿ, ಬಸರಿ ಮರಗಳೂ ಹೇರಳ. ಉದುಂಬರ ಜಾತಿಯ ಐದು ಹಣ್ಣುಗಳನ್ನು ಶ್ರಾವಕ ತಿನ್ನುವುದಿಲ್ಲ. ಬಿದ್ದ ಅತ್ತಿಹಣ್ಣೊಂದನ್ನು ಬಿಡಿಸಿ ನೋಡಿದರೆ ಸಾಕು, ಒಳಗೆ ಹರಿದಾಡುವ ಸಣ್ಣ ಹುಳುಗಳೇ ಕಾರಣ ಹೇಳುತ್ತವೆ. ಜೇನನ್ನು ತ್ಯಜಿಸುವುದೂ ಹಾಗೆಯೇ. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಜೇನುಕುರುಬರ ಬದುಕು ತಲೆಮಾರುಗಳಿಂದ ಜೇನಿನೊಡನೆ ಬೆಸೆದುಕೊಂಡಿದೆ. ಶ್ರಾವಕನ ವ್ರತ ಅವನ ನಾಲಗೆಗೆ ಹಾಕಿಕೊಂಡ ಕಟ್ಟು, ಇನ್ನೊಬ್ಬರ ಬಾಳನ್ನು ಅಳೆಯುವ ಕೋಲಲ್ಲ. ಆ ಕಟ್ಟಿನೊಳಗೂ ಸವಿಗೆ ಕೊರತೆಯಿಲ್ಲವೆಂಬುದಕ್ಕೆ ಅದೇ ಮಂಗರಸ 'ಸೂಪಶಾಸ್ತ್ರ'ವೆಂಬ ಅಡುಗೆಯ ಕೃತಿಯನ್ನೇ ಬರೆದಿಟ್ಟಿದ್ದಾನೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೊರಡುವ ಪದ್ಧತಿಯಲ್ಲಿ ವ್ರತವೂ ಇದೆ, ರುಚಿಯೂ ಇದೆ, ದಾರಿಯಲ್ಲಿ ಕಸ ಚೆಲ್ಲದ ಅನುಕೂಲವೂ ಇದೆ.

ನೀರಿನ ವಿಷಯದಲ್ಲಂತೂ ಹಿರಿಯರ ಎಚ್ಚರ ಬೆರಗು ಹುಟ್ಟಿಸುತ್ತದೆ. ದಪ್ಪ ಬಟ್ಟೆಯಲ್ಲಿ ನೀರು ಸೋಸುವುದು ಎಲ್ಲರಿಗೂ ಗೊತ್ತಿರುವ ಜೈನ ರೂಢಿ. ಸೋಸಿದ ಬಳಿಕ ಬಟ್ಟೆಯನ್ನು ಒದರಿ ಎಸೆಯುವಂತಿಲ್ಲ. ಅದರಲ್ಲಿ ಉಳಿದ ಜೀವಗಳನ್ನು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಮೆಲ್ಲನೆ ಮರಳಿಸಬೇಕು. ಕಾವೇರಿಯ ಜೀವ ಕಾವೇರಿಗೆ, ಬಾವಿಯ ಜೀವ ಬಾವಿಗೆ. ಹೊಳೆಯ ದಡದಲ್ಲಿ ಖಾಲಿ ಬಾಟಲಿ ಒಗೆದು ಬರುವ ಕಾಲದಲ್ಲಿ ಈ ರೂಢಿಯನ್ನು ನೆನೆದರೆ ನಾಚಿಕೆಯಾಗುವುದು ಸಹಜ.

ಉದ್ದೇಶದ ಶುದ್ಧಿ

ನಾಲ್ಕನೆಯದು ಆಲಂಬನಶುದ್ಧಿ. ಯಾವುದನ್ನು ಆಶ್ರಯಿಸಿ, ಯಾವ ಕಾರಣಕ್ಕಾಗಿ ಈ ನಡೆ? ತೀರ್ಥವಂದನೆ, ಗುರುದರ್ಶನ, ಸ್ವಾಧ್ಯಾಯ, ಆಹಾರ ಇಂಥ ಕಾರಣವಿಲ್ಲದೆ ಮುನಿ ಹೆಜ್ಜೆ ಎತ್ತುವುದಿಲ್ಲ. ಹೀಗೆ ಕಾರಣವಿದ್ದು ಎತ್ತಿದ ಹೆಜ್ಜೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಈ ಸೀಮೆಯೇ ಸಾಕ್ಷಿ.

ಕೃಷ್ಣರಾಜನಗರಕ್ಕೆ ಹಿಂದೆ ಎಡತೊರೆಯೆಂದು ಹೆಸರು. ಚುಂಚನಕಟ್ಟೆಯಲ್ಲಿ ಬಂಡೆಗಳ ನಡುವೆ ಧುಮುಕುವ ಕಾವೇರಿ, ಕೋದಂಡರಾಮನ ಗುಡಿ, ಸಾಲಿಗ್ರಾಮದ ಪೇಟೆ ಇವೆಲ್ಲ ಯಾತ್ರಿಕರಿಗೆ ಚಿರಪರಿಚಿತ. ಸಾಲಿಗ್ರಾಮದ ಕಡೆಯ ಚಿಕ್ಕಹನಸೋಗೆ ಮಾತ್ರ ಹೆಚ್ಚು ಜನ ಬಾರದ ಪುಟ್ಟ ಊರು. ಅಲ್ಲಿ ಆದಿನಾಥನ ಪ್ರಾಚೀನ ತ್ರಿಕೂಟ ಬಸದಿಯಿದೆ. ಶಾಸನಗಳಲ್ಲಿ ಪನಸೋಗೆಯೆಂದು ಕರೆಸಿಕೊಂಡ ಈ ಎಡೆಯಲ್ಲಿ ಒಂದು ಕಾಲಕ್ಕೆ 64 ಬಸದಿಗಳಿದ್ದವೆಂದು ಶಾಸನಗಳೇ ಹೇಳುತ್ತವೆ. ದಶರಥನ ಮಗ ರಾಮನೇ ಇಲ್ಲಿನ ಬಸದಿಗಳನ್ನು ಮಾಡಿಸಿದನೆಂಬ ನಂಬಿಕೆಯನ್ನೂ ಅವು ದಾಖಲಿಸಿವೆ. ಜೈನ ಪುರಾಣದಲ್ಲಿ ರಾಮ ಬಲಭದ್ರ, ದೀಕ್ಷೆ ತಳೆದು ಮೋಕ್ಷ ಪಡೆದವನು. ಚುಂಚನಕಟ್ಟೆಯ ಭಕ್ತನಿಗೂ ಹನಸೋಗೆಯ ಶ್ರಾವಕನಿಗೂ ಕಾವೇರಿಯ ಈ ದಂಡೆಯಲ್ಲಿ ನಡೆದವನು ರಾಮನೇ.

ದೇಶೀಗಣದ ಪುಸ್ತಕಗಚ್ಛದ ಮುನಿಗಳ ಒಂದು ಶಾಖೆಗೆ ಪನಸೋಗೆ ಬಳಿಯೆಂದೇ ಹೆಸರಾಯಿತು. ಆ ಶಾಖೆ ಕಾವೇರಿಯ ದಡದಲ್ಲೇ ಉಳಿಯಲಿಲ್ಲ. ಘಟ್ಟದ ಕಾಡುಗಳಾಚೆ, ತುಳುನಾಡಿನ ಕಾರ್ಕಳದಲ್ಲಿ ಅದು ನೆಲೆಯೂರಿತು. 1432ರಲ್ಲಿ ವೀರಪಾಂಡ್ಯ ಅರಸು ಅಲ್ಲಿನ ಬೆಟ್ಟದ ಮೇಲೆ ಬಾಹುಬಲಿಯ ಮಹಾಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ಪನಸೋಗೆ ಬಳಿಯ ಲಲಿತಕೀರ್ತಿ ಮುನಿಗಳ ಉಪದೇಶದಿಂದ. ಕಾರ್ಕಳದ ಭಟ್ಟಾರಕರು ಇಂದಿಗೂ ಲಲಿತಕೀರ್ತಿ ಎಂಬ ಹೆಸರನ್ನೇ ಪಟ್ಟನಾಮವಾಗಿ ಧರಿಸುತ್ತಾರೆ. ಕಡಲ ಗಾಳಿಗೆ ಮೈಯೊಡ್ಡಿ ನಿಂತ ಆ ಕಲ್ಲಿನ ಹಿಂದೆ ಕಾವೇರಿ ತೀರದ ಒಂದು ಹಳ್ಳಿಯ ಹೆಸರಿದೆ.

ಇದಕ್ಕಿಂತ ಹಳೆಯ, ಇದಕ್ಕಿಂತ ದೂರದ ಹೆಜ್ಜೆ ಕಪಿಲೆಯ ದಡದ್ದು. ಹೆಗ್ಗಡದೇವನಕೋಟೆಯ ಈ ನೆಲ ಪುರಾತನ ಪುನ್ನಾಟದ ನಾಡು. ಅದರ ರಾಜಧಾನಿ ಕೀರ್ತಿಪುರವನ್ನು ಇಲ್ಲಿನ ಕಿತ್ತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಗ್ರೀಕ್ ಭೂಗೋಳಜ್ಞ ಟಾಲೆಮಿಯ ಗ್ರಂಥದಲ್ಲೂ ಈ ನಾಡಿನ ಹೆಸರು ಬರುತ್ತದೆ. ಉತ್ತರದಲ್ಲಿ 12 ವರ್ಷದ ಕ್ಷಾಮ ತಲೆದೋರಿದಾಗ ಭದ್ರಬಾಹು ಶ್ರುತಕೇವಲಿಗಳ ಸಂಘ ತೆಂಕಣಕ್ಕೆ ನಡೆದು ಬಂದ ಕಥೆ ಎಲ್ಲರಿಗೂ ತಿಳಿದದ್ದು. ಹರಿಷೇಣಾಚಾರ್ಯರು 931ರಲ್ಲಿ ರಚಿಸಿದ 'ಬೃಹತ್ಕಥಾಕೋಶ'ದ ಪ್ರಕಾರ ಆ ಸಂಘ ದಕ್ಷಿಣಾಪಥದಲ್ಲಿ ಬಂದು ಸೇರಿದ್ದು ಪುನ್ನಾಟ ವಿಷಯವನ್ನು. ಬಂದ ಹೆಜ್ಜೆ ಹೀಗಿದ್ದರೆ ಹೋದ ಹೆಜ್ಜೆಯೂ ಒಂದಿದೆ. ಈ ನಾಡಿನ ಹೆಸರನ್ನೇ ಹೊತ್ತ ಪುನ್ನಾಟ ಸಂಘದ ಮುನಿಗಳು ನೂರಾರು ಹರದಾರಿ ನಡೆದು ಸೌರಾಷ್ಟ್ರವನ್ನು ತಲಪಿದರು. ಅಲ್ಲಿನ ವರ್ಧಮಾನಪುರದಲ್ಲಿ ಆ ಸಂಘದ ಜಿನಸೇನರು 783ರಲ್ಲಿ 'ಹರಿವಂಶಪುರಾಣ'ವನ್ನು ಬರೆದರು. ಹರಿಷೇಣರೂ ಅದೇ ಸಂಘದವರು. ಕಪಿಲೆಯ ನೀರು ಕುಡಿದ ಒಂದು ಗುರುಪರಂಪರೆ ದೂರದ ಊರಿನಲ್ಲಿ ಕುಳಿತು ತನ್ನ ಮೂಲದ ನಾಡನ್ನು ಹೆಸರಿನಲ್ಲಿ ಉಳಿಸಿಕೊಂಡಿತು. ಆ ಹಳೆಯ ರಾಜಧಾನಿಯ ನೆಲವನ್ನು ಇಂದು ಹಿನ್ನೀರು ಆವರಿಸಿದೆ. ಕೋಟೆ ನಿಲ್ಲಲಿಲ್ಲ, ಅರಮನೆ ನಿಲ್ಲಲಿಲ್ಲ. ನಡೆದವರ ಹೆಸರು ನಿಂತಿತು.

ಈ ಹಾದಿಗಳಲ್ಲಿ ಸಾಗುವ ಇಂದಿನ ಗೃಹಸ್ಥನಿಗೆ ಅಂಥ ದೂರದ ಹೊಣೆಯಿಲ್ಲ. ಆದರೆ ಯಾವ ನೆಲದ ಮೇಲೆ ತಾನು ನಡೆಯುತ್ತಿದ್ದೇನೆ ಎಂಬ ಅರಿವಿದ್ದರೆ ಅವನ ನಡಿಗೆ ಗುರಿಯಿಲ್ಲದ ಅಲೆದಾಟವಾಗಿ ಉಳಿಯುವುದಿಲ್ಲ. ಬಸದಿಯೊಂದರ ದರ್ಶನ, ಮಕ್ಕಳಿಗೆ ಒಂದು ಮರದ ಹೆಸರು ಹೇಳಿಕೊಡುವುದು, ವೃದ್ಧ ತಂದೆಯ ಆರೋಗ್ಯ, ಮನಸ್ಸಿನ ಕಷಾಯಗಳನ್ನು ತಗ್ಗಿಸಿಕೊಳ್ಳುವುದು ಇವೆಲ್ಲ ಆಲಂಬನಗಳೇ.

ಎಲ್ಲೆಯೊಳಗಿನ ಸ್ವಾತಂತ್ರ್ಯ

ಆರಂಭದ ಪ್ರಶ್ನೆಗೆ ಸಮಂತಭದ್ರರಲ್ಲೇ ಇನ್ನೊಂದು ಕೀಲಿಯಿದೆ. ಅನರ್ಥದಂಡಕ್ಕೆ ಮೊದಲು ಅವರು ಹೇಳುವುದು ದಿಗ್ವ್ರತವನ್ನು. ಜೀವನಪರ್ಯಂತ ಇಂತಿಂಥ ದಿಕ್ಕಿನಲ್ಲಿ ಇಷ್ಟರಾಚೆ ಹೋಗೆನೆಂದು ಎಲ್ಲೆ ಹಾಕಿಕೊಳ್ಳುವ ವ್ರತ ಅದು. ಆ ಎಲ್ಲೆಗಳಾಗಿ ಅವರು ಸೂಚಿಸುವುದು ಕಡಲು, ನದಿ, ಕಾಡು, ಬೆಟ್ಟಗಳನ್ನು. ದಿನದ ಲೆಕ್ಕದಲ್ಲಿ ಅದನ್ನೇ ಇನ್ನಷ್ಟು ಕಿರಿದುಗೊಳಿಸಿದರೆ ದೇಶವ್ರತ. ಅಲ್ಲಿಯೂ ಮನೆ, ಊರು, ಹೊಲ, ನದಿ, ಕಾಡುಗಳೇ ಗಡಿಗಲ್ಲು. ಪ್ರವಾಸಿಗೆ ನದಿ ಮತ್ತು ಕಾಡು ನೋಡಿ ಮುಗಿಸಬೇಕಾದ ತಾಣಗಳು. ವ್ರತಿಗೆ ಅವು ನಿಲ್ಲಬೇಕಾದ ಎಡೆಯನ್ನು ತೋರುವ ಗುರುಗಳು.

ಆದ್ದರಿಂದ ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ಸಣ್ಣ ದೇಶವ್ರತ ತೊಡಬಹುದು. ಇಂದು ಈ ಸೇತುವೆಯಿಂದ ಆ ಕಟ್ಟೆಯವರೆಗೆ, ಅದರಾಚೆ ಇಲ್ಲ. ಸವೆದ ಜಾಡಿನಲ್ಲೇ ನಡಿಗೆ. ಹೊಳೆಗೆ ಕಲ್ಲೆಸೆಯುವುದಿಲ್ಲ, ಎಲೆ ಚಿವುಟುವುದಿಲ್ಲ, ಒಲೆ ಹೂಡುವುದಿಲ್ಲ. ಚುಂಚನಕಟ್ಟೆಯಂಥ ಕಡೆ ಸೆಳವಿಗೆ ಇಳಿಯುವುದಿಲ್ಲ, ಏಕೆಂದರೆ ರಕ್ಷಿಸಬೇಕಾದ ಜೀವಗಳಲ್ಲಿ ತನ್ನದೂ ಒಂದು. ಇಷ್ಟು ಕಟ್ಟಿಕೊಂಡ ಮೇಲೆ ಉಳಿಯುವ ಸ್ವಾತಂತ್ರ್ಯವೇನೂ ಕಡಿಮೆಯಲ್ಲ. ಗಾಳಿ, ನೆರಳು, ನೀರಿನ ದನಿ, ಜೊತೆಯವರ ಮೌನ ಎಲ್ಲವೂ ಹಾಗೆಯೇ ಇರುತ್ತವೆ. ಅಲೆದಾಟದಲ್ಲಿ ಹಿಂಸೆಗೆ ದಾರಿ ಮಾಡಿಕೊಡುವುದು ನಲಿವಲ್ಲ, ಮೈಮರೆವು. ಮೈಮರೆವು ಹೋದರೆ ನಲಿವು ನಿರ್ದೋಷಿಯಾಗುತ್ತದೆ. ವಾಯುವಿಹಾರ ವಿಹಾರವಾಗುವುದು ಇಲ್ಲಿಯೇ.

ಎಷ್ಟು ಎಚ್ಚರವಿದ್ದರೂ ತಪ್ಪು ಉಳಿದೇ ಉಳಿಯುತ್ತದೆ ಎಂಬುದನ್ನೂ ಜಿನಧರ್ಮ ಬಲ್ಲದು. ಅದಕ್ಕಾಗಿಯೇ ಈರ್ಯಾಪಥ ಶುದ್ಧಿಯಿದೆ. ನಡೆದು ಬಂದ ಸಾಧು ಕುಳಿತುಕೊಳ್ಳುವ ಮೊದಲು, ದಾರಿಯಲ್ಲಿ ತನ್ನಿಂದ ನೊಂದಿರಬಹುದಾದ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳನ್ನು ನೆನೆದು, ಆ ದೋಷ ಮಿಥ್ಯೆಯಾಗಲೆಂದು ಬೇಡಿ, ಕಾಯೋತ್ಸರ್ಗದಲ್ಲಿ ನಿಂತು 9 ಬಾರಿ ಣಮೋಕಾರ ಮಂತ್ರವನ್ನು ಜಪಿಸುತ್ತಾನೆ. ಸಂಜೆ ಊರಿಗೆ ಮರಳುವ ಶ್ರಾವಕನಿಗೂ ಇದು ಸಾಧ್ಯ. ಕಾಲಿನ ಧೂಳು ತೊಳೆಯುವ ಮೊದಲು ಎರಡು ನಿಮಿಷ ನಿಂತು ದಾರಿಯನ್ನು ಮನಸ್ಸಿನಲ್ಲೇ ಹಿಂದಕ್ಕೆ ನಡೆದರೆ ಸಾಕು.

ಗೊಮ್ಮಟಗಿರಿಯ ಬಂಡೆಯ ಮೇಲೆ ನಿಂತವನ ಕಥೆಯೂ ಇಲ್ಲಿ ನೆನಪಾಗುತ್ತದೆ. ಗೆದ್ದ ರಾಜ್ಯವನ್ನು ತೊರೆದ ಬಾಹುಬಲಿ ಒಂದು ವರ್ಷ ಕಾಡಿನಲ್ಲಿ ಅಲುಗದೆ ನಿಂತ. ಬಳ್ಳಿ ತೋಳಿಗೆ ಹಬ್ಬಿತು, ಹುತ್ತ ಕಾಲ ಬಳಿ ಬೆಳೆಯಿತು. ತನ್ನಿಂದ ಯಾವ ಭಯವೂ ಇಲ್ಲವೆಂದು ಬಲ್ಲ ಕಾಡು ತಾನಾಗಿಯೇ ಅವನ ಬಳಿಗೆ ನಡೆದು ಬಂತು. ಆ ನಿಲುವು ಎಲ್ಲರಿಗೂ ದಕ್ಕುವಂಥದ್ದಲ್ಲ. ಆದರೆ ಲಕ್ಷ್ಮಣತೀರ್ಥದ ದಂಡೆಯಲ್ಲೋ ಕಾವೇರಿಯ ಏರಿಯ ಮೇಲೋ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಇಡುವ ಒಂದು ಹೆಜ್ಜೆ ಯಾರಿಗೂ ಕಷ್ಟವಲ್ಲ. ಆ ನಿಲುವಿನ ಕಡೆಗೆ ಹೋಗುವ ಹಾದಿ ಆರಂಭವಾಗುವುದು ಅಂಥ ಒಂದು ಹೆಜ್ಜೆಯಿಂದಲೇ.